ಖಾಲಿ ಕುಣಿಗೆ ಪಾತಣ್ಣನ ಕಲ್ಲು

ಇದುವರೆಗೆ ಎಷ್ಟು ಕುಣಿ ತೋಡಿದ್ದೀಯ ಎಂದು ಪಾತಣ್ಣನನ್ನು ಕೇಳಬೇಡಿ. ಬೈಸಿಕೊಳ್ಳುತ್ತೀರಿ. "ಮಕ್ಕಳನ್ನ, ಕುರೀನ, ಕುಣೀನ ಎಣಿಸಬಾರ್ದು ಕಣಲೇ" ಅಂತಾನೆ. ನನ್ನ ಅಂದಾಜಿಗೆ ಆರುನೂರಕ್ಕೆ ಮೋಸವಿಲ್ಲ. ಕೊಂಡ್ಲಹಳ್ಳಿ ಸುತ್ತಮುತ್ತ ಯಾರಾದರೂ ಕಣ್ಣು ಮುಚ್ಚಿದರೆ ಮೊದಲ ಫೋನು ಹೆಣ್ಣುಮಕ್ಕಳಿಗೆ ಹೋಗುತ್ತದೆ, ಎರಡನೆಯದು ಪಾತಣ್ಣನಿಗೆ. ಅವನು ಗುದ್ದಲಿ, ಸಲಿಕೆ, ಒಂದು ತಂಬಿಗೆ ನೀರು ಹಿಡಿದು ಹೊರಡುತ್ತಾನೆ.

ಅರವತ್ತೆರಡರ ಆಳು. ಬೋಳು ತಲೆ, ಗಟ್ಟಿ ಮೊಣಕೈ, ಬಾಯಿ ಅದಕ್ಕಿಂತ ಗಟ್ಟಿ. ಹೊಟ್ಟೆಪಾಡಿಗೆ ಎರಡು ಎಕರೆ ಶೇಂಗಾ ಹೊಲ ಐತೆ. ಕುಣಿ ತೋಡುವುದು ಅವನಪ್ಪನಿಂದ ಬಂದ ಕೈಗುಣ. ಕೂರಿಸುವ ಜಾತಿಗೆ ಗೂಡಿನ ಕುಣಿ, ಮಲಗಿಸುವ ಜಾತಿಗೆ ಉದ್ದ ಕುಣಿ, ತೆಂಕಲಿಗೆ ತಲೆ. ಬದುಕಿದ್ದಾಗ ಒಂದೇ ನಲ್ಲಿಯಲ್ಲಿ ನೀರು ಹಿಡಿಯಲು ಬಿಡದವರಿಗೂ, ಆ ನಲ್ಲಿಯಿಂದ ಓಡಿಸಿಕೊಂಡವರಿಗೂ ಇವನೇ ತೋಡಿದ್ದಾನೆ. ಮಣ್ಣಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲವಂತೆ.

ಅವನದು ಒಂದೇ ಒಂದು ಕಟ್ಟಳೆ. ತೆಗೆದ ಕುಣಿ ಖಾಲಿ ಬಿಡಬಾರದು. ಬಾಯಿ ತೆರೆದ ಕುಣಿ ಹಸಿದಿರುತ್ತದೆ, ತೋಡಿದವನ ಮನೆಯಿಂದಲೇ ಒಬ್ಬರನ್ನು ಕೇಳುತ್ತದೆ. ಕೆಲವೊಮ್ಮೆ ಪೋಸ್ಟ್‌ಮಾರ್ಟಂ ತಡವಾಗಿ ಹೆಣ ಬರುವುದಿಲ್ಲ, ಕೆಲವೊಮ್ಮೆ ಅಣ್ಣತಮ್ಮಂದಿರು ಜಗಳಾಡಿ ಜಾಗ ಬದಲಿಸುತ್ತಾರೆ. ಆಗ ಹೆಣದ ಬದಲಿಗೆ ಒಂದು ಗುಂಡುಕಲ್ಲು ಇಟ್ಟು, ಮೂರು ಹಿಡಿ ನವಣೆ ಹಾಕಬೇಕು. ಆ ನವಣೆಯನ್ನು ಹಂಚಿನ ಮೇಲೆ ಕರ್ರಗೆ ಸೀಯುವ ತನಕ ಹುರಿದಿರಬೇಕು. ಯಾಕೆ ಅಂದರೆ, "ಕುಣಿಗೆ ಊಟ ಬೇಕು, ಮೊಳಕೆ ಬೇಡ. ಹೆಣದ ಜಾಗದಾಗೆ ಚಿಗುರಿದ್ದನ್ನ ದನ ಮೇಯ್ತದೆ, ಆ ದನದ ಹಾಲು ನೀನೇ ಕುಡೀತೀಯ" ಅನ್ನುತ್ತಾನೆ. ಕಿವಿಗೊಟ್ಟು ಕೇಳಿದರೆ ತರ್ಕ ಸರಿಯಾಗಿಯೇ ಇದೆ.

ಈ ಕಟ್ಟಳೆಯ ವಿಷಯದಲ್ಲಿ ಅವನು ಎಷ್ಟು ಹಟಮಾರಿ ಎನ್ನುವುದಕ್ಕೆ ನಾನೇ ಸಾಕ್ಷಿ. ಇಪ್ಪತ್ತು ವರ್ಷದ ಹಿಂದೆ ಶೇಂಗಾಕ್ಕೆ ಬೆಲೆ ಕೇಳಿ ಚಳ್ಳಕೆರೆಯಲ್ಲಿ ನಾವು ರೈತಸಂಘದವರು ಸರ್ಕಾರದ ಅಣಕು ಶವಯಾತ್ರೆ ಮಾಡಿದೆವು. ಹುಲ್ಲಿನ ಹೆಣ, ತಮಟೆ, ಬಾಡಿಗೆಗೆ ತಂದಂತೆ ಅಳುವ ನಾವು. ಪಾತಣ್ಣ ಮಾರ್ಕೆಟ್ ಪಕ್ಕದ ಬಯಲಲ್ಲಿ ಅಂದವಾಗಿ ಕುಣಿ ತೋಡಿದ್ದ. ಅಷ್ಟರಲ್ಲಿ ಪೊಲೀಸರು ಬಂದು ಹುಲ್ಲಿನ ಹೆಣವನ್ನೂ ಹೊತ್ತೊಯ್ದರು, ನಮ್ಮನ್ನೂ ವ್ಯಾನಿಗೆ ತುಂಬಿದರು. ಪಾತಣ್ಣ ಮಾತ್ರ ಹತ್ತಲಿಲ್ಲ.

"ಕುಣಿ ಖಾಲಿ ಐತೆ ಸಾ. ನಾ ಬರಲ್ಲ."

ಇನ್‌ಸ್ಪೆಕ್ಟರು ಬಿಸಿಲಿಗೆ ಬೆಂದು ಹೋಗಿದ್ದರು. ಒಂದು ಕಲ್ಲನ್ನು ಬೂಟಿನಿಂದ ಕುಣಿಗೆ ಒದ್ದು, "ಆಯ್ತೇನಯ್ಯ, ಹತ್ತು" ಅಂದರು.

"ಕಾಲಲ್ಲಿ ಒದ್ರೆ ಆಗಲ್ಲ ಸಾ. ಕೈಲಿ ಎತ್ತಿ ಇಡಬೇಕು."

ನಲವತ್ತು ಜನ ವ್ಯಾನಿನ ಕಿಟಕಿಯಿಂದ ನೋಡುತ್ತಿದ್ದಂತೆ ಇನ್‌ಸ್ಪೆಕ್ಟರು ಬಗ್ಗಿ ಕಲ್ಲನ್ನು ಕೈಯಲ್ಲಿ ಎತ್ತಿ ಇಟ್ಟರು. ಆ ದಿನ ನಮ್ಮ ಒಂದೇ ಒಂದು ಬೇಡಿಕೆಯೂ ಈಡೇರಲಿಲ್ಲ. ಪಾತಣ್ಣನದು ಈಡೇರಿತು.

ಹೋದ ಜನವರಿಯಲ್ಲಿ ಒಂದು ವಿಶ್ವವಿದ್ಯಾಲಯದವರು ಬ್ರಹ್ಮಗಿರಿ ದಿಕ್ಕಿಗಿರುವ ಒಂದು ಹೊಲದಲ್ಲಿ ಡೇರೆ ಹಾಕಿದರು. ಊರವರು ಅದನ್ನು ಮೋರೇರ ಹೊಲ ಅಂತಾರೆ. ಹಿಂದೆ ಅಲ್ಲಿ ಮೂರಡಿ ಎತ್ತರದ ಕುಳ್ಳರು, ಮೋರೇರು, ಇದ್ದರಂತೆ. ಬೆಂಕಿ ಮಳೆ ಬರುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಚಪ್ಪಡಿ ಕಲ್ಲಿನ ಮನೆ ಕಟ್ಟಿಕೊಂಡು ಒಳಗೆ ಕೂತು ಬೆಂದರಂತೆ. ನೆಲದ ಮೇಲೆ ದುಂಡಗೆ ಸಾಲು ಹಿಡಿದ ಗುಂಡುಗಳು, ನಡುವೆ ಹೂತ ಚಪ್ಪಡಿಗಳು. ನೇಗಿಲು ಹೂಡುವವರು ಮೊದಲಿಂದಲೂ ಅದನ್ನು ಸುತ್ತು ಹಾಕಿಯೇ ಹೋಗುತ್ತಿದ್ದರು. ಟ್ರಾಕ್ಟರ್ ಬಂದ ಮೇಲೂ ಹಾಗೆಯೇ, ಆದರೆ ಈಗ ಭಯ ನೇಗಿಲಿನ ಹಲ್ಲು ಮುರಿಯುವುದರದ್ದು.

ಅಗೆಯುವ ತಂಡದ ಹಿರಿಯರು ಓಂಕಾರಮೂರ್ತಿ, ಪ್ರೊಫೆಸರು. ವಾರಕ್ಕೆ ಎರಡು ದಿನ ಕಾರಲ್ಲಿ ಬಂದು ಹೋಗುವವರು. ಉಳಿದ ದಿನ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವಳು ಶಶಿರೇಖಾ. ಚಳ್ಳಕೆರೆಯ ಆಟೋ ಡ್ರೈವರನ ಮಗಳು, ಪಿಎಚ್.ಡಿ. ಮಾಡುತ್ತಿದ್ದಳು. ಮೂರು ವರ್ಷ ಮಡಕೆ ಚೂರು ಜೋಡಿಸಿ ಜೋಡಿಸಿ ಬೇಸತ್ತಿದ್ದಳು. ಹಳೆಯ ಕಾಲದ ಜನ ಸಾವಿನ ಬಗ್ಗೆ ಏನು ನಂಬಿದ್ದರು ಎನ್ನುವುದೇ ಅವಳ ವಿಷಯ. ನಂಬಿಕೆ ಮಡಕೆಯ ಮೇಲೆ ಬರೆದಿರುವುದಿಲ್ಲ, ಅದೇ ಕಷ್ಟ.

ಕೂಲಿಗೆ ಹತ್ತು ಜನ ಬಂದರು, ಒಂಬತ್ತು ಹೆಂಗಸರು ಮತ್ತು ಪಾತಣ್ಣ. ಹೆಂಗಸರ ಮುಂದಾಳು ಕೆಂಚಕ್ಕ. ಮಣ್ಣಿನ ಮಂಕರಿ ತಲೆ ಮೇಲೆ, ನಾಲಗೆ ಎಲ್ಲರ ಮೇಲೆ.

ಮೊದಲ ವಾರವೇ ಶಶಿರೇಖಾಗೆ ಪಾತಣ್ಣನ ಬೆಲೆ ಗೊತ್ತಾಯಿತು. ಅವನು ಮಣ್ಣನ್ನು ಬೆರಳಲ್ಲಿ ಉಜ್ಜಿ, "ಇದು ಹುಟ್ಟು ಮಣ್ಣು. ಇದು ಯಾರೋ ತೆಗೆದು ಮುಚ್ಚಿದ ಮಣ್ಣು" ಅಂತ ಬೇರೆ ಮಾಡಿಬಿಡುತ್ತಿದ್ದ. ಅವನು ಗೆರೆ ಎಳೆದ ಕಡೆಯೇ ಚಪ್ಪಡಿ ಸಿಗುತ್ತಿತ್ತು. ನಾಲ್ಕು ಚಪ್ಪಡಿ ನಿಲ್ಲಿಸಿ ಮಾಡಿದ ಪೆಟ್ಟಿಗೆಯಂಥ ಕೋಣೆ, ಮೇಲೊಂದು ಮುಚ್ಚಳದ ಬಂಡೆ, ಮೂಡಲ ಚಪ್ಪಡಿಯಲ್ಲಿ ಒಂದು ದುಂಡನೆಯ ಕಿಂಡಿ. ಒಳಗೆ ಮೂಳೆ, ಕಪ್ಪು-ಕೆಂಪು ಮಡಕೆ, ತುಕ್ಕು ಹಿಡಿದ ಕುಡುಗೋಲು.

"ಇದು ಮೋರೇರ ಮನೆಯಲ್ಲ ಪಾತಣ್ಣ, ಸಮಾಧಿ. ಎರಡೂವರೆ ಸಾವಿರ ವರ್ಷ ಹಳೇದು" ಅಂದಳು ಶಶಿರೇಖಾ. "ಸತ್ತ ಮೇಲೂ ಹಸಿವಾಗ್ತದೆ ಅಂತ ನಂಬಿದ್ರು, ಅದಕ್ಕೆ ಮಡಕೇಲಿ ಊಟ ಇಟ್ಟವ್ರೆ. ಕೆಲಸಾನೂ ಇರ್ತದೆ ಅಂತ ಕುಡುಗೋಲು."

"ಸತ್ತ ಮೇಲೂ ಕೂಲೀನಾ?" ಅಂದ ಪಾತಣ್ಣ. "ಹಂಗಾದ್ರೆ ಇವನು ಗೌಡ ಅಲ್ಲ ಬಿಡವ್ವ, ನಮ್ಮೋನೇ."

"ಈ ಕಿಂಡಿ ಯಾಕಮ್ಮ?" ಕೆಂಚಕ್ಕ ಮಂಕರಿ ಇಳಿಸಿ ಕೇಳಿದಳು.

"ಜೀವ ಹೊರಗೆ ಹೋಗಿ ಬರೋಕೆ ಅಂತ ಕೆಲವರು ಹೇಳ್ತಾರೆ."

"ಗಂಡಸಿನ ಗೋರಿಯೇ. ಸತ್ತ ಮೇಲೂ ತಿರುಗಾಡೋಕೆ ಬಾಗ್ಲು ಬೇಕಾಗೈತೆ."

ಹಳಬರು ಹೆಣದ ಜೊತೆ ಏನೇನು ಇಡುತ್ತಿದ್ದರು ಎಂದು ಶಶಿರೇಖಾ ಹೇಳಿದರೆ, ತಾನು ಏನೇನು ಇಟ್ಟಿದ್ದೇನೆ ಎಂದು ಪಾತಣ್ಣ ಹೇಳುತ್ತಿದ್ದ. ಎಲೆಅಡಿಕೆ ಚೀಲ, ನಶ್ಯದ ಡಬ್ಬಿ, ಬೀಡಿ ಕಟ್ಟು, ಕನ್ನಡಕ. ಹೋದ ವರ್ಷ ಒಬ್ಬರ ಜೊತೆ ಮೊಬೈಲ್ ಇಟ್ಟಿದ್ದನಂತೆ. "ಮಣ್ಣು ಎಳೀತಾ ಇದ್ದಂಗೆ ರಿಂಗಾಯ್ತು ಕಣವ್ವ. ಯಾರೂ ಎತ್ತಲಿಲ್ಲ." ಶಶಿರೇಖಾ ನಗುತ್ತಲೇ ಅದನ್ನೂ ಬರೆದುಕೊಂಡಳು. ಹಿಂಗೆ ಇಬ್ಬರಿಗೂ ಚೆನ್ನಾಗಿ ಹೊಂದಿತು.

ಫೆಬ್ರವರಿ ಎರಡನೇ ವಾರ ಮೊದಲ ಕೋಣೆ ತಳ ಕಂಡಿತು. ಮೂಳೆಗಳನ್ನು ಒಂದೊಂದೇ ಕಾಗದದಲ್ಲಿ ಸುತ್ತಿ, ಚೀಟಿ ಅಂಟಿಸಿ, ಡಬ್ಬಕ್ಕೆ ಹಾಕಿ ಡೇರೆಗೆ ಸಾಗಿಸಿದರು. ಕೋಣೆಯನ್ನು ಬ್ರಷ್ ಹಾಕಿ ಗುಡಿಸಿದರು. ಸಂಜೆ ಹೆಂಗಸರೆಲ್ಲ ಹೊರಟರೂ ಪಾತಣ್ಣ ಮಾತ್ರ ಅಂಚಿನಲ್ಲೇ ನಿಂತಿದ್ದ.

"ಈಗ ಇದನ್ನ ಮುಚ್ತೀರಾ?"

ಆ ದಿನ ಓಂಕಾರಮೂರ್ತಿಯವರು ಬಂದಿದ್ದರು. "ಮುಚ್ಚೋದೆಲ್ಲಿ? ಸೀಸನ್ ಮುಗಿಯೋವರೆಗೂ ತೆರೆದೇ ಇರ್ತದೆ. ಅಳತೆ ಆಗಬೇಕು, ಡ್ರೋನ್ ಚಿತ್ರ ಆಗಬೇಕು. ಏಪ್ರಿಲ್ ಕೊನೇಗೆ ಮುಚ್ಚೋಣ."

"ಹಂಗಾದ್ರೆ ಒಂದು ಕಲ್ಲು ಇಟ್ಟು ಹೋಗ್ತೀನ್ರಿ. ಖಾಲಿ ಕುಣಿ ಒಳ್ಳೇದಲ್ಲ."

"ಏನೂ ಇಡಬಾರದು. ಹೊರಗಿನ ಒಂದು ಹರಳು ಬಿದ್ದರೂ ದಾಖಲೆ ಕೆಡ್ತದೆ" ಅಂದರು ಪ್ರೊಫೆಸರು. ಆಮೇಲೆ ಮೆತ್ತಗೆ, "ಇದನ್ನ ನಂಬಿಕೆ ಅಂತಾರೆ ಪಾತಣ್ಣ. ಇದರ ಮೇಲೆ ನಾನು ಒಂದು ಪ್ರಬಂಧವನ್ನೇ ಓದಿದ್ದೀನಿ" ಅಂದು ಕಾರು ಹತ್ತಿದರು. ನಂಬಿಕೆಯ ಮೇಲೆ ಪ್ರಬಂಧ ಓದುವವರಿಗೂ ಮನೆಯಲ್ಲಿ ಬಸುರಿ ಸೊಸೆ ಇರುವವನಿಗೂ ಅಷ್ಟು ದೂರ.

ಪಾತಣ್ಣನ ಸೊಸೆ ಆಶಾಗೆ ಆಗ ಎಂಟು ತಿಂಗಳು. ಮೊದಲ ಹೆರಿಗೆ ಅವಳ ತವರು ರಾಯದುರ್ಗದಲ್ಲಿ ಆಗಿತ್ತು, ಹೆರಿಗೆ ಕಷ್ಟವಾಗಿ ಹುಡುಗಿ ತುಂಬ ನೊಂದಿದ್ದಳು. ಎರಡನೆಯದು ಇಲ್ಲೇ ಆಗಲಿ ಎಂದು ಪಾತಣ್ಣನ ಹೆಂಡತಿ ನಿಂಗಕ್ಕ ಹಟ ಹಿಡಿದು ಉಳಿಸಿಕೊಂಡಿದ್ದಳು. ತೋಡಿದವನ ಮನೆಯಲ್ಲಿ ಒಬ್ಬರಲ್ಲ, ಎರಡು ಜೀವ. ತೆರೆದ ಕುಣಿ ಒಂದು. ಏಪ್ರಿಲ್ ಕೊನೆಯ ತನಕ. ಪಾತಣ್ಣ ಆ ರಾತ್ರಿ ಮುದ್ದೆ ಅರ್ಧ ಬಿಟ್ಟು ಎದ್ದ.

ಮಾರನೆಯ ದಿನ ಭಾನುವಾರ, ಅಗೆತಕ್ಕೆ ರಜೆ. ಬೆಳಗ್ಗೆ ತಂಬಿಗೆ ಹಿಡಿದು ಬಯಲಿಗೆ ಹೋಗುವವನ ಹಾಗೆ ಹೊರಟ. ಟವೆಲ್ಲಿನಲ್ಲಿ ನಿಂಗಕ್ಕ ಮಸಾಲೆ ಅರೆಯುವ ಗುಂಡುಕಲ್ಲು. ಅದು ಅವನ ಅಜ್ಜಿಯ ಕಾಲದ್ದು, ಸವೆದು ಸವೆದು ಮೊಟ್ಟೆಯಷ್ಟು ನುಣುಪು. ಜೇಬಲ್ಲಿ ಸೀದ ನವಣೆ. ಬರೀ ಮೇಲಿಟ್ಟರೆ ಕಂಡುಬಿಡುತ್ತದಲ್ಲ. ಕೋಣೆಯ ಮೂಲೆಯಲ್ಲಿ ಮೊಳದಾಳ ತೆಗೆದು, ಕಲ್ಲು ಇಟ್ಟು, ನವಣೆ ಸುರಿದು, ಒಂದು ಹಿಡಿ ಒಲೆ ಬೂದಿ ಹಾಕಿ ಮುಚ್ಚಿದ. ಆಮೇಲೆ ನೀರು ಚಿಮುಕಿಸಿ, ಅಂಗೈಯಲ್ಲಿ ತಟ್ಟಿ, ಮೇಲೆ ಒಣಮಣ್ಣು ಉದುರಿಸಿ, ಟವೆಲ್ಲಿನಿಂದ ಬೀಸಿದ. ನರಿ ಮೂಸಿದರೂ ಗೊತ್ತಾಗದ ಹಾಗೆ ಕುಣಿ ಮುಚ್ಚಲು ನಲವತ್ತು ವರ್ಷ ಕಲಿತ ಕೈ ಅದು. ಪಿಎಚ್.ಡಿ. ಹುಡುಗಿಗೆ ಹೆಂಗೆ ಗೊತ್ತಾಗಬೇಕು?

ಗೊತ್ತಾಯಿತು, ಆದರೆ ಉಲ್ಟಾ.

ಮಂಗಳವಾರ ಶಶಿರೇಖಾ ನೆಲವನ್ನು ಕೊನೇ ಸಲ ಕೆರೆಯುತ್ತಿದ್ದವಳು ಆ ಮೂಲೆಯಲ್ಲಿ ಒಂದು ದುಂಡನೆಯ ನೆರಳು ಕಂಡಳು. ಕೆರೆದಳು. ಬೂದಿ ಬಂತು. ಇನ್ನೂ ಕೆರೆದಳು. ಕರಿದಾದ ಕಾಳು ಬಂತು. ಆಮೇಲೆ ನುಣುಪಾದ ಕಲ್ಲು. ಅವಳು ಕೂಗಿದ ಕೂಗಿಗೆ ಕೆಂಚಕ್ಕ ಹಾವು ಅಂದುಕೊಂಡು ಮಂಕರಿ ಎಸೆದು ಓಡಿದಳು.

ಓಂಕಾರಮೂರ್ತಿ ಮಧ್ಯಾಹ್ನಕ್ಕೇ ಬಂದರು. ಮಂಡಿಯೂರಿ ನೋಡಿದರು. ಪ್ಯಾಂಟಿನ ಮಡಿಕೆ ಕೆಡುತ್ತದೆ ಎನ್ನುವುದನ್ನೂ ಮರೆತರು. "ಬದಲಿ ದೇಹ, ಶಶಿರೇಖಾ! ದೇಹದ ಜಾಗದಲ್ಲಿ ಕಲ್ಲು. ಬೇಕೆಂದೇ ಸುಟ್ಟ ಧಾನ್ಯ, ಮತ್ತೆ ಹುಟ್ಟಬಾರದು ಎನ್ನುವುದಕ್ಕೆ. ಸಮಾಧಿ ಹಸಿಯುತ್ತದೆ ಎನ್ನುವ ನಂಬಿಕೆ!"

ಒಂದು ಮಾತು ಹೇಳಲೇಬೇಕು. ಪ್ರೊಫೆಸರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಕಲ್ಲು ಯಾಕೆ, ಕಾಳು ಯಾಕೆ, ಸುಟ್ಟದ್ದು ಯಾಕೆ, ಎಲ್ಲ ಸರಿ. ಕಾಲ ಮಾತ್ರ ಎರಡೂವರೆ ಸಾವಿರ ವರ್ಷ ಆಚೀಚೆ.

ಪಾತಣ್ಣ ಪಕ್ಕದಲ್ಲೇ ಸಲಿಕೆ ಊರಿ ನಿಂತಿದ್ದ. ಅವನ ತಲೆಯಲ್ಲಿ ಇದ್ದದ್ದು ಒಂದೇ: ಕಲ್ಲು ತೆಗೆದರು, ಕುಣಿ ಮತ್ತೆ ಖಾಲಿ.

ಮನೆಗೆ ಬಂದರೆ ನಿಂಗಕ್ಕ ಬಾಗಿಲಲ್ಲೇ ನಿಂತಿದ್ದಳು. "ನನ್ ಗುಂಡುಕಲ್ಲು ಎಲ್ಲೋತು?"

"ಡೇರೇಲಿ ಐತೆ. ಹತ್ತಿ ಸುತ್ತಿ ಮಡಗವ್ರೆ."

"ಯಾಕೆ, ಅದಕ್ಕೂ ಹೆರಿಗೆನಾ?"

ಪಾತಣ್ಣ ಎಲ್ಲ ಹೇಳಿದ. ನಿಂಗಕ್ಕ ಒಲೆ ಊದುತ್ತಲೇ ಕೇಳಿಸಿಕೊಂಡು, "ಇಟ್ಟಿದ್ದು ಸರಿ. ಹೇಳದೆ ಇಟ್ಟಿದ್ದು ಸರಿಯಲ್ಲ. ಹೇಳದೆ ನನ್ನ ಕಲ್ಲು ಇಟ್ಟಿದ್ದು ಅದಕ್ಕಿಂತ ಸರಿಯಲ್ಲ" ಅಂದಳು. ತೀರ್ಪು ಅಷ್ಟೇ.

ಆದರೆ ಹೇಳುವುದು ಹೆಂಗೆ? ಹೇಳಿದರೆ ಕೆಲಸದಿಂದ ಓಡಿಸುತ್ತಾರೆ, ಕುಣಿಯ ಹತ್ತಿರವೂ ಸೇರಿಸುವುದಿಲ್ಲ, ಅದು ಏಪ್ರಿಲ್ ತನಕ ಬಾಯಿ ತೆರೆದೇ ಇರುತ್ತದೆ. ಆ ವಾರ ಎರಡನೇ ಕೋಣೆಯೂ ಖಾಲಿಯಾಯಿತು. ಈಗ ಎರಡು ಬಾಯಿ. ಪಾತಣ್ಣ ಮುಂದಿನ ಭಾನುವಾರ ಎರಡು ಕಲ್ಲು ಹೊತ್ತುಕೊಂಡು ಹೋದ. ಒಂದು ತನ್ನ ಹಿತ್ತಲಿನದು. ಇನ್ನೊಂದು ಕೆಂಚಕ್ಕನ ಹಿತ್ತಲಿನದು, ಕೇಳದೆ ತಂದದ್ದು. ಹೆಂಡತಿಯ ಮಾತು ಅರ್ಧ ಮಾತ್ರ ಕಿವಿಗೆ ಬಿದ್ದಿತ್ತು.

ಮೊದಲ ಕೋಣೆಯನ್ನು ಯಾರೂ ಮತ್ತೆ ಕೆದಕಲಿಲ್ಲ. ಎರಡನೆಯದರಲ್ಲಿ ಶಶಿರೇಖಾ ನೇರ ಆ ಮೂಲೆಗೇ ಹೋದಳು. ಸಿಕ್ಕಿತು. ಒಂದು ಸಿಕ್ಕರೆ ಆಕಸ್ಮಿಕ, ಎರಡು ಸಿಕ್ಕರೆ ಪದ್ಧತಿ ಎಂದು ಪ್ರೊಫೆಸರು ಫೋನಿನಲ್ಲೇ ಘೋಷಿಸಿದರು. ಶಶಿರೇಖಾ ಚಳ್ಳಕೆರೆಯಿಂದ ಮೈಸೂರುಪಾಕು ತರಿಸಿ ಎಲ್ಲರಿಗೂ ಹಂಚಿದಳು. ಪಾತಣ್ಣನಿಗೆ ಎರಡು ಕೊಟ್ಟಳು.

"ನೀನು ಗೆರೆ ಎಳೀದಿದ್ರೆ ಈ ಕೋಣೆನೇ ಸಿಕ್ತಿರಲಿಲ್ಲ ಪಾತಣ್ಣ. ಮೂರು ವರ್ಷದಿಂದ ಬರೀ ಮಡಕೆ ಬೋಕಿ ಎಣಿಸ್ತಾ ಇದ್ದೆ. ಈಗ ನನ್ನ ಪಿಎಚ್.ಡಿ. ಪುಸ್ತಕಕ್ಕೆ ಒಂದು ಜೀವ ಬಂತು. ನಾಳೆ ಸರ್ ಬರ್ತಾರೆ, ಕಾಳು ಲ್ಯಾಬಿಗೆ ಹೋಗ್ತದೆ. ಪತ್ರಿಕೆಯವರನ್ನೂ ಕರೆದವ್ರೆ."

ಪಾತಣ್ಣ ಮೈಸೂರುಪಾಕು ಕೈಯಲ್ಲಿ ಹಿಡಿದು ಅದು ಬಿಸಿಲಿಗೆ ಕರಗುವ ತನಕ ನಿಂತಿದ್ದ. ಹೆಣ ಹೂಳುವಾಗ ಯಾರಿಗೂ ಅವನು ಸುಳ್ಳು ಹೇಳಿದವನಲ್ಲ. ಆಳ ಕಮ್ಮಿಯಾದರೆ ಕಮ್ಮಿಯಾಯಿತು ಅಂತಲೇ ಹೇಳಿ ಮತ್ತೆ ಇಳಿದವನು. ಈಗ ಈ ಹುಡುಗಿ ಅವನ ಅಜ್ಜಿಯ ಮಸಾಲೆ ಕಲ್ಲನ್ನು ಪುಸ್ತಕಕ್ಕೆ ಹಾಕಿ ಊರಿಗೆಲ್ಲ ಓದಿಸುತ್ತಾಳೆ. ಲ್ಯಾಬಿನವರು ಮಷೀನಿಗೆ ಹಾಕಿ ನೋಡಿದರೆ ಅವಳ ಮುಖ ಎಲ್ಲಿಡುವುದು?

ಮಾರನೆಯ ದಿನ ಬೆಳಗ್ಗೆ ಪ್ರೊಫೆಸರು ಮೊದಲು ಬಂದರು. ಪತ್ರಿಕೆಯವರು ಹನ್ನೊಂದಕ್ಕೆ. ಡೇರೆಯ ಮುಂದೆ ಮೇಜು ಹಾಕಿ, ಬಿಳಿ ಬಟ್ಟೆ ಹಾಸಿ, ಎರಡು ಗುಂಡುಕಲ್ಲುಗಳನ್ನು ಮದುವೆ ಹೆಣ್ಣು-ಗಂಡಿನ ಹಾಗೆ ಪಕ್ಕಪಕ್ಕ ಇಟ್ಟಿದ್ದರು. ಪಾತಣ್ಣ ಮೇಜಿನ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ.

"ಶಶಿರೇಖವ್ವ, ಒಂದು ಮಾತು. ಆ ಕಲ್ಲು ಮೋರೇರು ಇಟ್ಟಿದ್ದಲ್ಲ."

"ಮತ್ತೆ?"

"ನಾನು ಇಟ್ಟಿದ್ದು."

ಅವಳು ನಕ್ಕಳು. ತಮಾಷೆ ಅಂದುಕೊಂಡಳು. ಅಷ್ಟರಲ್ಲಿ ಚಹಾ ಲೋಟ ಇಡಲು ಬಂದ ಕೆಂಚಕ್ಕ ಮೇಜಿನ ಮೇಲೆ ಬಗ್ಗಿ ನೋಡಿದಳು.

"ಅಯ್ಯೋ ನಿನ್ ಮನೆ ಹಾಳಾಗ! ಇದು ನಮ್ಮ ಹಿತ್ತಲ ಕಲ್ಲು! ಒಂದು ವಾರದಿಂದ ಹುಡುಕ್ತಾ ಇದೀನಿ, ನಮ್ಮ ಓರಗಿತ್ತಿ ಮೇಲೆ ಜಗಳ ಆಡೀನಿ! ನೋಡಿಲ್ಲಿ, ಈ ಚಕ್ಕೆ ಎದ್ದಿರೋದು ನಾನು ಹಾವಿಗೆ ಎಸೆದಾಗ ಎದ್ದಿದ್ದು!"

ಶಶಿರೇಖಾ ಮೇಜಿನ ಅಂಚು ಹಿಡಿದು ಮಣ್ಣಿನ ಮೇಲೇ ಕೂತಳು.

"ಮೂರು ವರ್ಷ, ಪಾತಣ್ಣ. ನನ್ನ ಮೂರು ವರ್ಷದ ಮೇಲೆ ನೀನು ಮಸಾಲೆ ಅರೆದುಬಿಟ್ಟೆ."

"ಕೇಳಿ ಇಡ್ತೀನಿ ಅಂದೆ ಕಣವ್ವ. ಬ್ಯಾಡ ಅಂದ್ರು. ಮನೇಲಿ ಬಸುರಿ ಇದಾಳೆ, ನಾ ಏನ್ ಮಾಡ್ಲಿ? ನಿಂಗೆ ಪುಸ್ತಕ ಆಯ್ತು, ನಂಗೆ ಕುಣಿ ತುಂಬ್ತು ಅಂದುಕೊಂಡೆ. ಪತ್ರಿಕೆ ಅಂದ ಮೇಲೆ ತಡಕೊಳ್ಳೋಕಾಗಲಿಲ್ಲ. ನಿನ್ನ ಮುಖ ಕೆಡಬಾರ್ದು."

ಓಂಕಾರಮೂರ್ತಿಯವರ ಮುಖ ಆಗಲೇ ಕೆಟ್ಟಿತ್ತು. "ನಾಳೆಯಿಂದ ಬರಬೇಡ! ನಿನ್ನಂಥವರಿಂದಲೇ ದೇಶದ ಇತಿಹಾಸ ಹಾಳಾಗಿರೋದು!"

"ಸರಿ, ಬರಲ್ಲ. ಆದ್ರೆ ಕಲ್ಲು ಇರಬೇಕು."

"ಕಲ್ಲೂ ಇರಲ್ಲ, ನೀನೂ ಇರಲ್ಲ!"

ಪಾತಣ್ಣ ಸಲಿಕೆ ಹೆಗಲಿಗೇರಿಸಿದ. ಆಗ ಕೆಂಚಕ್ಕ, ಒಂದು ನಿಮಿಷದ ಹಿಂದೆ ಅವನ ಮನೆ ಹಾಳಾಗಲಿ ಅಂದವಳು, ಮಂಕರಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

"ಕುಣಿ ಖಾಲಿ ಅಂದ್ರೆ ನಾನೂ ಇಳಿಯಲ್ಲಪ್ಪ. ಮಣ್ಣು ಹೊತ್ತೋರೂ ತೋಡಿದೋರೇ. ನನ್ನ ಮಗಳು ಬಸುರಿ ಅಂತ ಮೊನ್ನೆ ಫೋನ್ ಬಂದೈತೆ."

ಉಳಿದ ಎಂಟು ಮಂಕರಿಗಳೂ ಬೋರಲಾದವು. ಎಂಟು ಹೆಂಗಸರು, ಎಂಟು ಮಂಕರಿ, ಘೋಷಣೆ ಇಲ್ಲ, ಕರಪತ್ರ ಇಲ್ಲ, ಅಧ್ಯಕ್ಷತೆ ಯಾರದು ಎಂಬ ಜಗಳ ಇಲ್ಲ. ನಾವು ಮೂವತ್ತು ವರ್ಷ ಮುಷ್ಕರ ಮಾಡಿದವರು. ಇಷ್ಟು ಬೇಗ ಒಂದನ್ನೂ ಹೂಡಿರಲಿಲ್ಲ.

ಪ್ರೊಫೆಸರು ಪತ್ರಿಕೆಯವರಿಗೆ ಫೋನ್ ಮಾಡಿ ಹೊಟ್ಟೆನೋವು ಅಂದರು. ಅದು ಸುಳ್ಳಲ್ಲ. ಆಮೇಲೆ ಕಾರಿನಲ್ಲಿ ಎಸಿ ಹಾಕಿಕೊಂಡು ಕೂತರು. ಹೊರಗೆ ಶಶಿರೇಖಾ ಎರಡು ಕಲ್ಲನ್ನೂ ನೋಡುತ್ತ ಕೂತಿದ್ದಳು. ಕೊನೆಗೆ ಕಾರಿನ ಗಾಜು ತಟ್ಟಿದಳು.

"ಸರ್, ತಪ್ಪು ನಂದೂ ಐತೆ. ಎರಡೂ ಕೋಣೇಲಿ ಮೂಳೆ ಸಿಕ್ಕಿತ್ತು. ಹೆಣ ಇರೋ ಕಡೆ ಬದಲಿ ಕಲ್ಲು ಯಾಕೆ ಇಡ್ತಾರೆ? ಆ ಪ್ರಶ್ನೆ ನಂಗೆ ಮೊದಲ ದಿನವೇ ಬಂದಿತ್ತು. ನಾನೇ ಅದರ ಬಾಯಿ ಮುಚ್ಚಿಸಿದೆ."

ಪ್ರೊಫೆಸರು ಗಾಜು ಇಳಿಸಿ ಅವಳನ್ನು ನೋಡಿದರು. ಆ ಪ್ರಶ್ನೆ ಅವರಿಗೂ ಬಂದಿತ್ತು ಎಂದು ಮುಖವೇ ಹೇಳುತ್ತಿತ್ತು. ಪಾತಣ್ಣ ದೂರದಿಂದಲೇ, "ಅದೇ ಅಲ್ವಾ ನಾ ಹೇಳೋದು! ಅವರ ಕುಣಿ ಖಾಲಿ ಇರಲಿಲ್ಲ. ಖಾಲಿ ಮಾಡಿದ್ದು ನಾವು" ಅಂದ.

ಸಂಧಾನ ಬೇವಿನ ಮರದ ಕೆಳಗೆ ನಡೆಯಿತು. ಶಶಿರೇಖಾ ನಡುವೆ, ಪ್ರೊಫೆಸರು ಕುರ್ಚಿಯಲ್ಲಿ, ಹೆಂಗಸರು ಮಂಕರಿಯ ಮೇಲೆ.

"ಕಲ್ಲು ಇಡೋಣ" ಅಂದಳು ಶಶಿರೇಖಾ. "ಹೂತು ಅಲ್ಲ, ಮೇಲೆ. ಬಿಳಿ ಬಣ್ಣದಲ್ಲಿ ತಾರೀಖು, ನಂಬರು ಬರೆದು. ಪಾತಣ್ಣ ಇಟ್ಟದ್ದು ಅಂತ ಅಗೆತದ ದಾಖಲೆ ಪುಸ್ತಕದಲ್ಲೂ ಬರೀತೀನಿ. ಚಿತ್ರ ತೆಗೆಯೋವಾಗ ಹತ್ತು ನಿಮಿಷ ಎತ್ತಿ ಮತ್ತೆ ಇಡೋದು. ಒಪ್ಪಿಗೆನಾ?"

ಪಾತಣ್ಣ ಯೋಚಿಸಿದ. "ಹತ್ತು ನಿಮಿಷಕ್ಕೆ ಕುಣಿಗೆ ಅಷ್ಟೇನು ಹಸಿವಾಗಲ್ಲ ಬಿಡು. ಕಾಳು?"

"ಕಾಳು ಬೇಡವೇ ಬೇಡ!" ಓಂಕಾರಮೂರ್ತಿ ಕುರ್ಚಿಯಿಂದ ಎದ್ದೇಬಿಟ್ಟರು. "ಸುಟ್ಟ ಧಾನ್ಯದ ಒಂದು ಕಾಳು ಬಿದ್ದರೂ ನೂರು ವರ್ಷ ಆದಮೇಲೆ ಯಾವನೋ ಮುಟ್ಠಾಳ ನಮ್ಮ ಹಾಗೇ ಕುಣಿದಾಡ್ತಾನೆ!"

"ಊಟ ಇಲ್ದೆ ಬರೀ ಕಲ್ಲು ಇಟ್ರೆ ಕುಣಿಗೆ ಅವಮಾನ."

"ಹಸಿ ಕಾಳು?"

"ಮೊಳೀತದೆ."

ಮಾತು ಅಲ್ಲೇ ಸಿಕ್ಕಿಕೊಂಡಿತು. ಅರ್ಧ ಗಂಟೆ. ಬಿಸಿಲು ಮರದ ಬುಡಕ್ಕೆ ಬಂತು. ಆಗ ಕೆಂಚಕ್ಕ ಸೊಂಟದ ಗಂಟು ಬಿಚ್ಚಿ, ಬೆಳಗ್ಗೆ ತಿನ್ನಲು ತಂದಿದ್ದ ಮಂಡಕ್ಕಿಯನ್ನು ಬಾಯಿಗೆ ಹಾಕಿಕೊಂಡಳು. ಎಲ್ಲರೂ ಅವಳ ಕಡೆ ನೋಡಿದರು.

"ಏನ್ ನೋಡ್ತೀರಿ, ಬೇಕಾ?"

ಮಂಡಕ್ಕಿ ಮೊಳೆಯುವುದಿಲ್ಲ. ಮಂಡಕ್ಕಿಯನ್ನು ಕಂಡು ಎರಡೂವರೆ ಸಾವಿರ ವರ್ಷ ಹಳೆಯದು ಅಂತ ಯಾವ ಪ್ರೊಫೆಸರೂ ಮೋಸ ಹೋಗುವುದಿಲ್ಲ. ಪಾತಣ್ಣ ಒಂದು ಹಿಡಿ ತೆಗೆದುಕೊಂಡು ಮೂಸಿದ. "ಒಗ್ಗರಣೆ ಹಾಕಿರಬಾರ್ದು" ಅಂದ. ಒಪ್ಪಂದವಾಯಿತು. ಮೊದಲ ಕೋಣೆಯಲ್ಲಿ ಇನ್ನೂ ಹೂತೇ ಇದ್ದ ತನ್ನ ಹಿತ್ತಲ ಕಲ್ಲನ್ನು ಪಾತಣ್ಣ ತಾನೇ ತೋರಿಸಿ, ಕಾಳು ಸಮೇತ ಹೊರಗೆ ತೆಗೆದ. ಹೆಂಗಸರು ಮಂಕರಿ ಎತ್ತಿದರು. ನಿಂಗಕ್ಕನ ಗುಂಡುಕಲ್ಲು ಆ ಸಂಜೆಯೇ ಮನೆ ಸೇರಿತು. ಕೆಂಚಕ್ಕ ತನ್ನದನ್ನು ತೊಳೆದು, ಓರಗಿತ್ತಿಗೆ ತೋರಿಸಿ, ತಪ್ಪೊಪ್ಪಿಕೊಳ್ಳದೆ ಒಳಗಿಟ್ಟುಕೊಂಡಳು.

ಮೂರನೇ ಕೋಣೆ ತೆಗೆದಾಗ ಅದರಲ್ಲಿ ನಿಜವಾಗಿಯೂ ಹಳೆಯ ಕಲ್ಲು, ಹಳೆಯ ಸುಟ್ಟ ಕಾಳು ಸಿಕ್ಕಿತು ಎಂದು ನಾನು ಹೇಳುತ್ತೇನೆ ಅಂದುಕೊಂಡಿದ್ದರೆ, ಇಲ್ಲ. ಏನೂ ಸಿಗಲಿಲ್ಲ. ಎರಡು ಒಡೆದ ಮಡಕೆ, ಒಂದು ದವಡೆ ಮೂಳೆ, ಬೇರು. ಶಶಿರೇಖಾ ಮೂಲೆಮೂಲೆ ಕೆರೆದು ನೋಡಿದಳು. ಪಾತಣ್ಣನೂ ಇಣುಕಿದ. ಹಳಬರು ಏನು ನಂಬಿದ್ದರೋ ಅವರಿಗೇ ಗೊತ್ತು. ನಮಗೆ ಗೊತ್ತಾದದ್ದು ಪಾತಣ್ಣ ಏನು ನಂಬುತ್ತಾನೆ ಎನ್ನುವುದು ಮಾತ್ರ. ಅದು ಗೊತ್ತಾಗಲೂ ಒಂದು ಮುಷ್ಕರವೇ ಆಗಬೇಕಾಯಿತು.

ಮಾರ್ಚ್ ಮೂರನೇ ವಾರ, ಮಟಮಟ ಮಧ್ಯಾಹ್ನ, ನಿಂಗಕ್ಕ ಓಡುತ್ತ ಹೊಲಕ್ಕೆ ಬಂದಳು. ಆಶಾಗೆ ನೋವು ಶುರುವಾಗಿತ್ತು. ಪಾತಣ್ಣನ ಮಗ ಕಿರಣ್‌ಕುಮಾರ್ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಪಾಳಿಯಲ್ಲಿದ್ದ. ಆಂಬ್ಯುಲೆನ್ಸ್ ಬರಲು ಇನ್ನೂ ಮುಕ್ಕಾಲು ಗಂಟೆ ಅಂದರು. ಶಶಿರೇಖಾ ಅಗೆತದ ಜೀಪಿನಲ್ಲಿದ್ದ ಮಡಕೆ ಡಬ್ಬಗಳನ್ನು ಇಳಿಸಿ, ಹಿಂದಿನ ಸೀಟಿಗೆ ಕಂಬಳಿ ಹಾಸಿದಳು. ಪಾತಣ್ಣ ಮಾತ್ರ ಜೀಪು ಹತ್ತುವ ಬದಲು ಕೋಣೆಗಳ ಕಡೆ ಓಡಿದ. ಮೂರರಲ್ಲೂ ಇಣುಕಿದ. ಮೂರು ಕಲ್ಲೂ ಜಾಗದಲ್ಲಿದ್ದವು. ಎರಡನೆಯದರ ಮಂಡಕ್ಕಿಯನ್ನು ಇರುವೆಗಳು ಹೊತ್ತೊಯ್ದಿದ್ದವು, ಜೇಬಿನಿಂದ ಇನ್ನೊಂದು ಹಿಡಿ ಹಾಕಿದ.

"ಹತ್ತೋ ಮಾರಾಯ!" ನಿಂಗಕ್ಕ ಕೂಗಿದಳು. "ಕುಣಿಗೆ ಉಣಿಸಿದ್ದು ಸಾಕು, ಸೊಸೆಗೆ ನೀರಿನ ಬಾಟ್ಲಿ ಹಿಡ್ಕೋ!"

ಹೆಣ್ಣುಮಗು. ಮೂರು ಕಿಲೋ ಚಿಲ್ಲರೆ. ತಾಯಿ ಮಗಳು ಇಬ್ಬರೂ ಗಟ್ಟಿ. ನನ್ನನ್ನು ಕೇಳಿದರೆ ಅದು ಆಸ್ಪತ್ರೆಯ ನರ್ಸಮ್ಮನ ಕೈಗುಣ ಮತ್ತು ಸಮಯಕ್ಕೆ ಸಿಕ್ಕ ಜೀಪು. ಪಾತಣ್ಣನನ್ನು ಕೇಳಿದರೆ, ನರ್ಸಮ್ಮ ಒಳಗಿನ ಕೆಲಸ ನೋಡಿಕೊಂಡರು, ತಾನು ಹೊರಗಿನದು. ನಾವಿಬ್ಬರೂ ಒಮ್ಮೆ ಚಹಾದಂಗಡಿಯಲ್ಲಿ ಒಂದು ಗಂಟೆ ಜಗಳಾಡಿ, ಬಿಟ್ಟೆವು.

ಹದಿನೈದು ದಿನ ಕಳೆದ ಮೇಲೆ ಶಶಿರೇಖಾ ಮಗು ನೋಡಲು ಬಂದಳು. ಒಂದು ಜೊತೆ ಅಂಗಿ ತಂದಿದ್ದಳು. ತನ್ನ ಪುಸ್ತಕದ ಬದಲಿ-ದೇಹದ ಅಧ್ಯಾಯ ಹರಿದು ಹಾಕಿ ಆಗಿತ್ತು. ಅದರ ಜಾಗಕ್ಕೆ ಬರೆದ ಹೊಸ ಅಧ್ಯಾಯಕ್ಕೆ, ಅಗೆಯುವವರೇ ಸಮಾಧಿಗೆ ಏನೇನು ಸೇರಿಸಿಬಿಡುತ್ತಾರೆ ಎನ್ನುವುದು ವಿಷಯ. ಅದನ್ನು ಓದಿ ಪ್ರೊಫೆಸರು ಸಹಿ ಹಾಕಿದ್ದರು. ಹಾಕದೆ ಏನು ಮಾಡುತ್ತಾರೆ, ಆ ಅಧ್ಯಾಯದಲ್ಲಿ ಅವರೂ ಇದ್ದರು.

ಮಗುವನ್ನು ಮಡ್ಲಲ್ಲಿ ಹಾಕಿಕೊಂಡು, ಕಾಫಿ ಕುಡಿದು, ಅವಳು ಮೆಲ್ಲಗೆ ಕೇಳಿದಳು: "ಪಾತಣ್ಣ, ಈಗ ಹೆರಿಗೆ ಆಯ್ತಲ್ಲ. ಆ ಕಲ್ಲು ತೆಗೀಬಹುದಾ? ಡ್ರೋನಿನೋರು ಮೂರು ದಿನ ಇರ್ತಾರೆ, ಪ್ರತಿ ಸಲ ಎತ್ತಿ ಇಟ್ಟು ಬೆನ್ನು ಹೋಗ್ತದೆ."

"ಕೆಂಚಕ್ಕನ ಮಗಳಿಗೆ ಮೂರು ತಿಂಗಳು."

"ಸರಿ. ಆಮೇಲೆ?"

"ಪಾಲಾಕ್ಷನ ಹೆಂಡ್ತಿ ವಾಂತಿ ಮಾಡ್ಕೊಂತಾ ಇದಾಳೆ. ಅವನ ಅವ್ವ ನಿಮ್ಮಲ್ಲೇ ಮಣ್ಣು ಹೊರೋದು."

"ಅದಾದ ಮೇಲೆ ಯಾರಪ್ಪ?"

"ಅದಾದ ಮೇಲೆ ನಿನ್ನ ಮದುವೆ" ಅಂದ ಪಾತಣ್ಣ. "ನೀನೂ ತೋಡಿದೋಳೇ ಅಲ್ವೇನವ್ವ?"

ಒಳಗೆ ಆಶಾ ನಕ್ಕದ್ದು ಕೇಳಿಸಿತು. ಶಶಿರೇಖಾ ಮಗುವನ್ನು ನಿಂಗಕ್ಕನ ಕೈಗೆ ಕೊಟ್ಟು, ಚೀಲದಿಂದ ನೋಟ್‌ಬುಕ್ ತೆಗೆದು, ನಾಳೆ ಚಳ್ಳಕೆರೆಯಿಂದ ತರಬೇಕಾದ ಸಾಮಾನಿನ ಪಟ್ಟಿಗೆ ಒಂದು ಸಾಲು ಸೇರಿಸಿದಳು: ಬಿಳಿ ಬಣ್ಣ, ದೊಡ್ಡ ಡಬ್ಬಿ.